ಪೈಲ್ವಾನರ ಮನೆಯ ಬಂಜೆ

ಜನವರಿ ೯, ಗುರುವಾರ. ಬೆಳಗಿನ ಜಾವ

ಬದಾಮು ಅರೆದಾಯಿತು. ಹಾಲು ಕಾಯಿಸಿ ಆರಲು ಇಟ್ಟಿದ್ದೇನೆ. ಇವರು ಗರಡಿಮನೆಯಿಂದ ಬರುವಷ್ಟರಲ್ಲಿ ಹದಕ್ಕೆ ಬಂದಿರಬೇಕು. ಮೊನ್ನೆ ಸ್ವಲ್ಪ ಬಿಸಿ ಇತ್ತು ಅಂತ ಲೋಟ ಗೋಡೆಗೆ ಎಸೆದರು. ಆಮೇಲೆ ತಾವೇ ಬಗ್ಗಿ ಒರೆಸಿದರು, ನನ್ನ ಮುಖ ನೋಡಲಿಲ್ಲ. ಮೊದಲು ಹೀಗಿರಲಿಲ್ಲ.

ಬೆನ್ನ ತುಂಬ ಗುಳ್ಳೆ. ಅರಿಶಿಣ ಎಣ್ಣೆ ಹಚ್ಚುವಾಗ ಹಲ್ಲು ಕಚ್ಚುತ್ತಾರೆ. ಇಪ್ಪತ್ತೊಂಬತ್ತನೇ ವಯಸ್ಸಿಗೆ ಹರೆಯದ ಹುಡುಗರ ಮೈ ಆಗಿದೆ.

ನಿನ್ನೆ ಓಣಿಯಲ್ಲಿ ಕೂಸಿಗೆ ಹೆಸರಿಡುವ ಕಾರ್ಯ. ಎಲ್ಲರೂ ತೊಟ್ಟಿಲು ತೂಗುತ್ತಿದ್ದರು. ನಾನೂ ಕೈ ಚಾಚಿದೆ. ಅತ್ತೆ ಹಿಂದಿನಿಂದ ಸೆರಗು ಜಗ್ಗಿದರು.

"ಬ್ಯಾಡ ಶೈಲವ್ವ. ಮಂದಿ ಒಂದ್ ಅಂದ್ರ ನನಗ ತಾಳಾಕ ಆಗೂದಿಲ್ಲ."

ಸಿಟ್ಟಿನಿಂದ ಹೇಳಲಿಲ್ಲ. ಗುತ್ತೆವ್ವನಂಥ ಅತ್ತೆ ಹಿರೇಬೆಂಡಿಗೇರಿಯಲ್ಲಿ ಇನ್ನೊಬ್ಬರಿಲ್ಲ ಅಂತ ಊರೇ ಹೇಳುತ್ತದೆ. ನಿಜ. ಅದಕ್ಕೇ ಹೆಚ್ಚು ನೋಯುತ್ತದೆ.

ಮದುವೆಯಾಗಿ ಆರು ವರ್ಷ. ಗೇಟು ಸಪ್ಪಳ... ಬಂದರು.

ಜನವರಿ ೧೯, ಭಾನುವಾರ. ಅಕ್ಕಿಆಲೂರು, ತವರುಮನೆ

ಇಲ್ಲಿನ ಜಾತ್ರೆಯ ಕುಸ್ತಿಯಲ್ಲಿ ಇವರು ಗೆದ್ದರು. ಬೆಳಗಾವಿ ಕಡೆಯ ಪೈಲ್ವಾನನನ್ನು ಚಿತ್ ಮಾಡಿದರಂತೆ. ಹೆಂಗಸರು ಕುಸ್ತಿ ನೋಡಲು ಹೋಗುವುದಿಲ್ಲ. ಅವ್ವನ ಜೊತೆ ಬಾಗಿಲಲ್ಲಿ ನಿಂತು ಮೆರವಣಿಗೆ ನೋಡಿದೆ. ಹಲಗೆ, ಗುಲಾಲು, ಹಿರೇಬೆಂಡಿಗೇರಿ ಹುಡುಗರ ಹೆಗಲ ಮೇಲೆ ಇವರು. ಪಕ್ಕದಲ್ಲಿ ನೀಲಪ್ಪ, ತಾನೇ ಗೆದ್ದವನ ಹಾಗೆ ಕೈ ಬೀಸುತ್ತ.

ನೀಲಪ್ಪ ಶಿಗ್ಗಾಂವಿಯಲ್ಲಿ ಕಂಪೌಂಡರ್ ಆಗಿದ್ದವನು. ಈಗ ಜಿಮ್ ಇಟ್ಟಿದ್ದಾನೆ. ವಾರಕ್ಕೆರಡು ಸಲ ಮನೆಗೆ ಬಂದು ಇವರಿಗೆ ಸೂಜಿ ಮಾಡಿ ಹೋಗುತ್ತಾನೆ. ತಾಕತ್ತಿನ ಸೂಜಿ. ಹಳದಿ, ಎಣ್ಣೆಯ ಹಾಗೆ. ಸೀಸೆಗಳು ಕನ್ನಡಿ ಗೂಡಿನಲ್ಲಿ ನನ್ನ ತಲೆಯೆಣ್ಣೆಯ ಪಕ್ಕದಲ್ಲೇ ಇರುತ್ತವೆ. ಮುಚ್ಚುಮರೆ ಏನಿಲ್ಲ. ಗರಡಿಯಲ್ಲಿ ಬಹಳ ಜನ ತಗೊಳ್ಳುತ್ತಾರೆ. ಟಾನಿಕ್ ಇದ್ದ ಹಾಗೆ ಅಂದುಕೊಂಡಿದ್ದೇನೆ.

ಪಕ್ಕದ ಮನೆಯ ಮುದುಕಿ ಗಲ್ಲದ ಮೇಲೆ ಕೈ ಇಟ್ಟುಕೊಂಡು ನೋಡಿದಳು. "ಏನ್ ಎದಿ ಅದು! ಹೆಬ್ಬಾಗಲ ಇದ್ದಂಗ ಐತಿ. ಇಂಥಾ ಗಂಡನ್ನ ಕಟಗೊಂಡು ಒಂದು ಕೂಸು ಕೊಡಲಿಲ್ಲ ನೋಡು ಹುಚ್ಚವ್ವನ ಮಗಳು."

ತನ್ನ ಹೆಸರು ಹಿಡಿದು ಅಂದರೂ ಅವ್ವ ಕೇಳಿಸದವಳ ಹಾಗೆ ಒಳಗೆ ಹೋದಳು.

ಫೆಬ್ರವರಿ ೬, ಗುರುವಾರ

ಹುಬ್ಬಳ್ಳಿಗೆ ಹೋಗಿದ್ದೆ, ಒಬ್ಬಳೇ. ಅತ್ತೆಗೆ ಮಾತ್ರ ಗೊತ್ತು. ಬಸ್ಸಿಗೆ ಹತ್ತಿಸಿ, "ಏನರ ಔಷಧ ಕೊಟ್ರ ಪೂರ್ತಿ ತಗೊಂಡ ಬಾ" ಅಂದಿದ್ದರು.

ಔಷಧಿಯೇನೂ ಕೊಡಲಿಲ್ಲ. ಡಾಕ್ಟರಮ್ಮ ಸ್ಕ್ಯಾನಿಂಗು, ರಕ್ತದ ರಿಪೋರ್ಟು ಎಲ್ಲ ತಿರುವಿ ಹಾಕಿ, "ನಿಮ್ಮದು ಎಲ್ಲಾ ನಾರ್ಮಲ್ ಅದ" ಅಂದರು. "ಯಜಮಾನ್ರನ್ನ ಯಾಕ ಕರಕೊಂಡು ಬಂದಿಲ್ಲ? ಏನು ಕೆಲಸ ಮಾಡ್ತಾರ?"

"ಪೈಲ್ವಾನ್ರು" ಅಂದೆ. ಹೆಮ್ಮೆಯಿಂದಲೇ ಅಂದೆ.

ಅವರು ಪೆನ್ನು ಕೆಳಗಿಟ್ಟರು. "ಸೂಜಿ ಏನರ ತಗೊಳ್ತಾರೇನು?"

ಮೊಬೈಲಿನಲ್ಲಿ ಫೋಟೋ ಇತ್ತು. ಹೊಸ ಕನ್ನಡಿ ತಂದ ದಿನ ಅವ್ವನಿಗೆ ತೋರಿಸಲೆಂದು ತೆಗೆದದ್ದು. ಸೀಸೆಗಳೂ ಅದರಲ್ಲಿದ್ದವು. ದೊಡ್ಡದು ಮಾಡಿ ನೋಡಿದರು. ನಿಧಾನಕ್ಕೆ ಹೇಳಿದರು. ಇದು ಸ್ಟೆರಾಯ್ಡ್. ಗಂಡಸಿನ ಹಾರ್ಮೋನು. ಹೊರಗಿನಿಂದ ಅಷ್ಟು ಬಂದರೆ ಮೈಯೊಳಗೆ ತಯಾರಾಗುವುದು ನಿಂತುಹೋಗುತ್ತದೆ. ಬೀಜವೂ ನಿಲ್ಲುತ್ತದೆ. ಮೈ ಬೆಳೆಯುತ್ತದೆ, ಅದು ಒಣಗುತ್ತದೆ.

ಬಸ್ ಸ್ಟ್ಯಾಂಡಿನಲ್ಲಿ ಎರಡು ಬಸ್ಸು ಹೋಗಲು ಬಿಟ್ಟೆ. ಮನೆಗೆ ಬಂದು ಅತ್ತೆಗೆ, ರಿಪೋರ್ಟು ಇನ್ನೂ ಬಂದಿಲ್ಲ ಅಂದೆ.

ಫೆಬ್ರವರಿ ೮, ಶನಿವಾರ. ಸಂಜೆ

ಹೇಳಿದೆ. ಇವರು ಹಿತ್ತಿಲಲ್ಲಿ ಎಮ್ಮೆ ಮೈ ತೊಳೆಯುತ್ತಿದ್ದರು. ಅತ್ತೆ ಗಿರಣಿಗೆ ಹೋಗಿದ್ದರು.

ಮೊದಲು ನಕ್ಕರು. "ನನ್ನ ನೋಡ್ಯಾಳೇನು ಆಕಿ, ನಿನ್ನ ಡಾಕ್ಟರು?"

"ನೋಡಿಲ್ರಿ. ಅದಕ್ಕ ಕರಕೊಂಡ ಬಾ ಅಂದಾರ."

"ಹತ್ತು ಊರಾಗ ಕೇಳು, ಸುಭಾಸ ಪೈಲ್ವಾನ ಗಂಡಸು ಹೌದೋ ಅಲ್ಲೋ ಅಂತ."

"ಹತ್ತು ಊರು ನನ್ನ ಬಂಜಿ ಅಂತಾವ್ರಿ."

ಬಕೆಟ್ಟು ಒದ್ದರು. ಎಮ್ಮೆ ಬೆದರಿ ಹಗ್ಗ ಜಗ್ಗಿತು. ಇವರ ಕೈ ಮೇಲೆದ್ದಿತು — ಅಲ್ಲೇ ನಿಂತಿತು. ಆ ಕೈಯನ್ನೇ ನೋಡುತ್ತ ನಿಂತರು, ಬೇರೆ ಯಾರದೋ ಅನ್ನುವಂತೆ. ಹೊರಗೆ ಹೋದರು. ಊಟಕ್ಕೆ ಬಂದಿಲ್ಲ.

ಫೆಬ್ರವರಿ ೧೭, ಸೋಮವಾರ

ತಾವೇ ಹೊರಟರು. ಬೆಳಿಗ್ಗೆ ಅಂಗಿ ಹಾಕಿಕೊಂಡು ಬಂದು, "ನಡಿ, ಹುಬ್ಬಳ್ಳಿಗೆ" ಅಂದರು. ಅಷ್ಟೇ.

ಲ್ಯಾಬಿನ ಹುಡುಗ ಗುರುತು ಹಿಡಿದ. "ಅಣ್ಣಾರ, ಅಕ್ಕಿಆಲೂರ ಕುಸ್ತಿ ವಿಡಿಯೋ ನೋಡೇನ್ರಿ!" ಸೆಲ್ಫಿ ತೆಗೆಸಿಕೊಂಡ. ಆಮೇಲೆ ಅದೇ ಹುಡುಗ ಮುಚ್ಚಳದ ಡಬ್ಬಿ ಕೈಗೆ ಕೊಟ್ಟು ಬಾತ್‌ರೂಮು ತೋರಿಸಿದ. ಇವರ ಕಿವಿ ಕೆಂಪಾಗಿದ್ದವು. ನಾನು ಗೋಡೆ ನೋಡುತ್ತ ಕೂತೆ.

ಮಧ್ಯಾಹ್ನ ರಿಪೋರ್ಟು. ಬೀಜ ಒಂದೂ ಇಲ್ಲ.

ಎಷ್ಟು ವರ್ಷದಿಂದ ಅಂತ ಡಾಕ್ಟರಮ್ಮ ಕೇಳಿದರು. ಮದುವೆಯಾದ ವರ್ಷದಿಂದ ಅಂದರು ಇವರು. ಪೂರ್ತಿ ಬಿಟ್ಟರೆ ತಿರುಗಿ ಬರಬಹುದು, ಆರು ತಿಂಗಳು, ವರ್ಷ, ಇನ್ನೂ ಹೆಚ್ಚು. ಖಾತ್ರಿ ಕೊಡಲಾರೆ. ಬಿಟ್ಟ ಮೇಲೆ ಮೈ ಇಳಿಯುತ್ತದೆ, ಮನಸ್ಸೂ ಕುಸಿಯುತ್ತದೆ. ಮಾತ್ರೆ ಬರೆಯುತ್ತೇನೆ, ತಿಂಗಳಿಗೊಮ್ಮೆ ಬರ್ರಿ ಅಂದರು ಡಾಕ್ಟರಮ್ಮ.

ಬಸ್ಸಿನಲ್ಲಿ ಕಿಟಕಿ ಕಡೆ ಮುಖ. ತಡಸ ದಾಟಿದ ಮೇಲೆ ಬಾಯಿಬಿಟ್ಟರು.

"ಅವ್ವಗ ಹೇಳಬ್ಯಾಡ."

"ಮತ್ತ ಮಂದಿ ನನಗ ಬಂಜಿ ಅಂದ್ರ?"

"ಸ್ವಲ್ಪ ದಿನ ತಡಕೊ ಶೈಲಾ. ಸೂಜಿ ಬಿಡತೇನಿ. ಕೂಸು ಆದ್ಮ್ಯಾಲೆ ಯಾರ ಏನಂತಾರ?"

ಕೈ ಹಿಡಿದುಕೊಂಡರು. ಬಸ್ಸಿನಲ್ಲಿ, ಎಲ್ಲರ ಎದುರಿಗೆ. ಹೂಂ ಅಂದೆ. ರಿಪೋರ್ಟು ತಮ್ಮ ಜೇಬಿಗೆ ಹಾಕಿಕೊಂಡರು.

ಮಾರ್ಚ್ ೩, ಸೋಮವಾರ

ನೀಲಪ್ಪ ಬಂದಿದ್ದ. ಸೀಸೆಗಳನ್ನೆಲ್ಲ ಚೀಲಕ್ಕೆ ಹಾಕಿ ವಾಪಸು ಕೊಟ್ಟರು. ಅವನು ಚೀಲ ನೋಡಿದ, ಇವರನ್ನು ನೋಡಿದ, ಅಡುಗೆಮನೆ ಬಾಗಿಲಲ್ಲಿದ್ದ ನನ್ನನ್ನು ನೋಡಿದ.

"ಯಾರ ಹೆದರಿಸ್ಯಾರೋ ನಿನಗ? ಮಣ್ಣಿನ ಕುಸ್ತಿಗೆ ಯಾರ್ ಬಂದು ಉಚ್ಚಿ ತಪಾಸ ಮಾಡತಾರ?"

"ತಪಾಸಕ್ಕಲ್ಲ. ಸಾಕಾತು."

"ಎಲ್ಲಾರೂ ತಗೊಳ್ಳಾಗ ನೀ ಒಬ್ಬಾವ ಬಿಟ್ರ ಅದು ಪುಣ್ಯ ಅಲ್ಲಪಾ. ಸೋಲೂದು."

ಮೇ ತಿಂಗಳಲ್ಲಿ ಸವಣೂರಿನ ಕುಸ್ತಿಗೆ ಜೋಡಿ ಆಗಲೇ ಗಟ್ಟಿಯಾಗಿದೆ. ಪೋಸ್ಟರಿನಲ್ಲಿ ಇವರ ಫೋಟೋ. ಅಷ್ಟು ಅಗಲದ ಭುಜ.

ಏಪ್ರಿಲ್ ೨, ಬುಧವಾರ

ಇವತ್ತು ನಕ್ಕರು. ಎಮ್ಮೆಕರು ಅತ್ತೆಯ ಸೀರೆ ಜಗಿಯುತ್ತಿತ್ತು. ಎಷ್ಟು ದಿನ ಆಗಿತ್ತು ಆ ನಗು ಕೇಳಿ. ಬೆನ್ನಿನ ಗುಳ್ಳೆ ಬಾಡಿವೆ. ನನ್ನ ತೊಡೆಯ ಮೇಲೆ ತಲೆ ಇಟ್ಟು ಮಲಗಿದ್ದರು ಮಧ್ಯಾಹ್ನ.

ಏಪ್ರಿಲ್ ೧೯

ಎಲ್ಲ ದಿನ ಹಾಗಿರುವುದಿಲ್ಲ. ಹಾಸಿಗೆ ಬಿಟ್ಟು ಏಳುವುದಿಲ್ಲ ಒಮ್ಮೊಮ್ಮೆ. ಗರಡಿಯ ಸಾಮು ತಪ್ಪಿಸುತ್ತಾರೆ. ಕನ್ನಡಿಯ ಮುಂದೆ ನಿಂತು ತೋಳು ಹಿಡಿದು ನೋಡಿಕೊಳ್ಳುತ್ತಾರೆ. ಅಂಗಿ ಸಡಿಲಾಗಿದೆ. "ನಾ ಸಣ್ಣ ಕಾಣತೇನೇನು?" ಇಲ್ಲ ಅಂದೆ. ಸುಳ್ಳು ಅಂತ ಇಬ್ಬರಿಗೂ ಗೊತ್ತು.

ಮಾತ್ರೆ ತಪ್ಪಿಸಿಲ್ಲ. ಅದೊಂದು ಸಮಾಧಾನ. ಸವಣೂರಿನ ಕುಸ್ತಿ ಬಿಟ್ಟುಬಿಡಿ ಅಂದೆ. ಪೋಸ್ಟರು ಹಚ್ಚಿದ ಮೇಲೆ ಹಿಂದೆ ಸರಿದರೆ ಹೇಡಿ ಅನ್ನುತ್ತಾರಂತೆ.

ಮೇ ೧೧, ಭಾನುವಾರ. ರಾತ್ರಿ

ಸವಣೂರಿನಲ್ಲಿ ಸೋತರು.

ಎದುರಾಳಿ ಮೀಸೆ ಸರಿಯಾಗಿ ಮೂಡದ ಹುಡುಗ. ಅವನ ಬೆನ್ನ ತುಂಬ ಅದೇ ಗುಳ್ಳೆ ಇದ್ದವಂತೆ. ಹಾಗಂತ ಇವರೇ ಹೇಳಿದರು. ಉಳಿದದ್ದು ವಿಡಿಯೋದಲ್ಲಿ ನೋಡಿದೆ. ಬೆನ್ನು ಮಣ್ಣಿಗೆ ತಾಕಿದ ಕೂಡಲೇ ಯಾರೋ ಕೂಗುತ್ತಾರೆ: "ಸೀರಿ ಉಡಸ್ರಿ ಅವಂಗ!" ಆಮೇಲೆ ಎಲ್ಲರೂ ನಗುತ್ತಾರೆ. ಜನವರಿಯಲ್ಲಿ ಹೆಗಲ ಮೇಲೆ ಹೊತ್ತಿದ್ದ ನಮ್ಮೂರಿನ ಹುಡುಗರೂ ಅಲ್ಲಿದ್ದಾರೆ.

ಮೇ ೧೨, ಸೋಮವಾರ

ಮಜೀದ ಉಸ್ತಾದರು ಸವಣೂರಿನಿಂದ ಬಂದರು. ಇವರಿಗೆ ಮೊದಲು ಕುಸ್ತಿ ಕಲಿಸಿದವರು. ಮೊಣಕಾಲು ನೋವು, ಆಟೋದಿಂದ ಇಳಿಯಲು ಕೈ ಕೊಡಬೇಕಾಯಿತು. ಇವರು ಬಾಗಿಲು ತೆರೆಯಲಿಲ್ಲ. ಉಸ್ತಾದರು ಕಟ್ಟೆಯ ಮೇಲೆ ಕೂತು ನೀರು ಕುಡಿದರು.

"ಮಗಳಾ, ನೀ ಸೂಜಿ ಬಿಡಿಸಿದಿ ಅಂತ ನೀಲಪ್ಪ ಊರ ತುಂಬ ಹೇಳ್ಯಾನ. ಹೆಂಡ್ತಿ ಗಂಡನ ತಾಕತ್ತು ತಿಂದ್ಲು ಅಂತ ಮಂದಿ ಮಾತಾಡಾಕತ್ತಾರ."

"ಸೂಜಿ ತಗೊಳ್ಳೂದು ತಪ್ಪಲ್ಲೇನ್ರಿ ಉಸ್ತಾದ್ರ?"

"ತಪ್ಪು." ಗಡ್ಡ ಸವರಿಕೊಂಡರು. "ಬಿಟ್ಟಿದ್ದು ಛಲೋ ಮಾಡಿದ. ಆದ್ರ ಬೇಟಾ, ಛಲೋ ಮಾಡಿದವನ್ನ ಯಾರೂ ಹೆಗಲ ಮ್ಯಾಲೆ ಹೊರೂದಿಲ್ಲ."

ಮುಚ್ಚಿದ ಬಾಗಿಲಿಗೆ ಅಂಗೈ ಇಟ್ಟು, "ಸುಭಾಸ, ಸವಣೂರಿಗೆ ಬಾ, ಹುಡುಗರಿಗೆ ಕಲಸು" ಅಂದರು.

ಜೂನ್ ೨೦, ಶುಕ್ರವಾರ

ಒಗೆಯಲು ಹಾಕಿದ ಚಡ್ಡಿಯಲ್ಲಿ ಹತ್ತಿಯ ಚೂರು, ರಕ್ತದ ಚುಕ್ಕಿ.

ಕೇಳಿದೆ. ಮತ್ತೆ ಸೂಜಿ ಶುರುಮಾಡಿದ್ದನ್ನು ಮುಚ್ಚಿಡಲಿಲ್ಲ. "ಹೌದು. ಹದಿನೈದು ದಿನ ಆತು."

"ಮಾತು ಕೊಟ್ಟಿದ್ರಿ."

"ಎಸ್ಸೆಸ್ಸೆಲ್ಸಿ ನಪಾಸ ಆದಾವ ನಾ. ಪೈಲ್ವಾನ ಅಲ್ಲಂದ್ರ ನಾ ಯಾರ ಶೈಲಾ? ಚಾದಂಗಡಿಯಾಗ ಕುಂತ್ರ ಎದ್ದ ಹೋಗತಾರ ಮಂದಿ. ನಿನಗ ಕೂಸು ಬೇಕು. ನನಗ ನಾ ಬೇಕು."

ಹೇಳಿದ್ದು ಮೆತ್ತಗೆ. ಬೈದಿದ್ದರೆ ತಿರುಗಿ ಬೈಯಬಹುದಿತ್ತು.

ಜುಲೈ ೮, ಮಂಗಳವಾರ

ಅತ್ತೆ ತಲೆ ಬಾಚುವ ನೆಪದಲ್ಲಿ ಮುಂದೆ ಕೂಡಿಸಿಕೊಂಡರು. ಮುಖ ಕಾಣದ ಹಾಗೆ ಹೇಳಬೇಕಿತ್ತೇನೋ.

"ತಡಸದಾಗ ಒಂದು ಹುಡುಗಿ ಐತವ್ವ. ಬಡವರು. ಮಂಜುಳಾ ಅಂತ. ನಿನ್ನ ಬಿಡಂಗಿಲ್ಲ, ನನ್ನ ಆಣಿ. ಇಬ್ಬರೂ ಅಕ್ಕ-ತಂಗಿ ಹಂಗ ಇರ್ರಿ. ಗುಡಿಯಾಗ ಒಂದು ತಾಳಿ ಕಟ್ಟಿ ಮುಗಸೋಣು."

"ಇವರು ಏನಂದ್ರು?"

"ಏನೂ ಅಂದಿಲ್ಲ. ಬ್ಯಾಡ ಅಂದಿಲ್ಲ."

ಜಡೆ ಹೆಣೆದು ತುದಿಗೆ ರಿಬ್ಬನ್ನು ಕಟ್ಟಿದರು. ಆಗಲೇ ಹೇಳಬೇಕಿತ್ತು. ಇವರೇ ಹೇಳಲಿ ಅಂತ ಸುಮ್ಮನಾದೆ. ಹೊರಗೆ ಇವರು ಬೈಕು ಒರೆಸುತ್ತಿದ್ದರು. ಎಲ್ಲ ಕೇಳಿಸುವಷ್ಟು ಹತ್ತಿರ.

ಜುಲೈ ೧೨, ಶನಿವಾರ

ತಡಸಕ್ಕೆ ಹೋಗಿ ಬಂದೆ. ಸಂತೆಗೆ ಅಂತ ಹೇಳಿ.

ಹುಡುಗಿಯ ಅಪ್ಪ ಉಳವಪ್ಪ ಅಂಗಳದಲ್ಲಿ ನೇಗಿಲಿನ ಕುಡ ಹರಿತ ಮಾಡುತ್ತಿದ್ದ. ಕಡ್ಡಿಯಂಥ ಮನುಷ್ಯ. ಯಾರು ಅಂತ ತಿಳಿದ ಕೂಡಲೇ ಎದ್ದು ಚಾಪೆ ಹಾಸಿದ. "ನೀನ ಬಂದಿ ಅಂದ್ರ ಒಪ್ಪಿಗಿ ಆದಂಗ ಆತು ತಂಗಿ."

ಹೇಳಿದೆ. ಸೂಜಿ, ರಿಪೋರ್ಟು, ಡಾಕ್ಟರು. ನಿಮ್ಮ ಮಗಳು ಬಂದರೂ ಬಂಜೆ ಅನ್ನಿಸಿಕೊಳ್ಳುತ್ತಾಳೆ ಅಂದೆ.

ಅವನಿಗೆ ನಗು ತಡೆಯಲಾಗಲಿಲ್ಲ. "ಏನ್ ಹೇಳತಿ ತಂಗಿ? ಆ ಮನಷ್ಯಾನ ಮೈ ನೋಡೀಯೇನು? ಅಂಥಾವಂಗ ಮಕ್ಕಳಾಗೂದಿಲ್ಲಂದ್ರ ನನ್ನಂಥ ಒಣಾ ಕಟಗಿಗೆ ನಾಕು ಹ್ಯಾಂಗ ಆದ್ವು?"

"ಆ ಮೈನೇ ಕಾರಣ ರೀ."

"ಸವತಿ ಬರ್ತಾಳಂದ್ರ ಯಾರಿಗಾದ್ರೂ ಹೊಟ್ಟಿ ಉರೀತೈತಿ. ತಿಳೀತೈತಿ ನನಗ." ಚಹಾ ಕುಡಿಸಿಯೇ ಕಳಿಸಿದ.

ಮಂಜುಳಾ ಬಸ್ಸಿನವರೆಗೆ ಬಂದಳು. ಇಪ್ಪತ್ತು ತುಂಬಿದೆಯೋ ಇಲ್ಲವೋ. ಕ್ರಾಸಿನಲ್ಲಿ ನಿಂತ ಮೇಲೆ, "ನಮ್ಮಣ್ಣನೂ ಅಂಥಾ ಸೂಜಿ ತಗೊಂತಾನ್ರಿ. ಪೊಲೀಸ್ ಭರ್ತಿಗೆ ಓಡಾಕ. ಸಂತಿಗೆ ಹೋದಾಗ ಅಪ್ಪನೇ ತಂದ ಕೊಡತಾನ" ಅಂದಳು. ಸ್ವಲ್ಪ ತಡೆದು, "ನೀವ್ಯಾಕ ಇನ್ನಾ ಅಲ್ಲೇ ಅದೀರಿ ಅಕ್ಕಾರ?"

ಬಸ್ಸು ಬಂತು. ಹತ್ತಿದೆ.

ಜುಲೈ ೧೬, ಬುಧವಾರ

ತಡಸದಿಂದ ಬೇಡ ಅಂತ ಹೇಳಿಕಳಿಸಿದ್ದಾರೆ. ಹುಡುಗಿ ಬಾವಿಗೆ ಬೀಳುತ್ತೇನೆ ಅಂದಳಂತೆ. ಜೊತೆಗೆ ನಾನು ಹೋದದ್ದೂ ಗೊತ್ತಾಯಿತು.

ಇವರು ಊಟಕ್ಕೆ ಕೂತಿದ್ದರು. ಅತ್ತೆ ರೊಟ್ಟಿ ಬಡಿಯುವುದು ಬಿಟ್ಟು ಎದ್ದರು. "ಏನ ಹೇಳಿ ಬಂದಿ ಅಲ್ಲೆ?"

"ಇದ್ದದ್ದು ಹೇಳಿ ಬಂದೇನ್ರಿ ಅತ್ತಿ. ದೋಷ ನನ್ನಾಗಿಲ್ಲ. ಸೂಜಿಯಿಂದ ಇವರಿಗೆ ಆಗೇತಿ. ಡಾಕ್ಟರು ತೋರಿಸ್ಯಾರ. ಇವರ್ನ ಕೇಳ್ರಿ."

ಅತ್ತೆ ಮಗನ ಕಡೆ ತಿರುಗಿದರು. ಒಲೆಯ ಮೇಲೆ ರೊಟ್ಟಿ ಕರಕಲಾಗುತ್ತಿತ್ತು. ಯಾರೂ ತೆಗೆಯಲಿಲ್ಲ.

"ಹೌದೇನೋ ಸುಭಾಸ?"

ಇವರು ತಟ್ಟೆ ನೋಡುತ್ತಿದ್ದರು. ಬಾಯಲ್ಲಿದ್ದ ತುತ್ತು ನುಂಗಿದರು.

"ಸುಳ್ಳವ್ವ."

ಇನ್ನೊಂದು ತುತ್ತು ಮುರಿದರು.

ಜುಲೈ ೧೭

ಬೆಳಿಗ್ಗೆ ಬಟ್ಟೆ ತುಂಬಿಕೊಂಡೆ. ಅತ್ತೆ ತಡೆಯಲಿಲ್ಲ, ಹೋಗು ಅನ್ನಲೂ ಇಲ್ಲ. ಇವರು ಗರಡಿಯಲ್ಲಿ.

ಆಗಸ್ಟ್ ೩, ಭಾನುವಾರ. ಅಕ್ಕಿಆಲೂರು

ಅಕ್ಕಿ ಮಿಲ್ಲಿನ ಸದ್ದಿಗೆ ಕಿವಿ ಇನ್ನೂ ಒಗ್ಗಿಲ್ಲ. ಹೊಲಿಗೆ ಮಷೀನು ಒರೆಸಿ ಎಣ್ಣೆ ಬಿಟ್ಟಿದ್ದೇನೆ. ಅವ್ವ ದಿನಾ ಅದೇ ಮಾತು: "ಗಂಡಸರು ನೂರು ಸುಳ್ಳು ಹೇಳತಾರ. ತಿರುಗಿ ಹೋಗು."

ಒಂದು ಸಲ ಫೋನು ಬಂತು. ಇವರ ನಂಬರು. ಎತ್ತಿದೆ. ಉಸಿರು ಕೇಳಿಸಿತು. ಮಾತಿಲ್ಲ. ಮಿಲ್ಲಿನ ಸದ್ದು ನಿಲ್ಲುವವರೆಗೆ ಫೋನು ಕಿವಿಗೆ ಹಿಡಿದೇ ಇದ್ದೆ.

ನವೆಂಬರ್ ೩೦, ಭಾನುವಾರ

ಹಿರೇಕೆರೂರಿನಲ್ಲಿ ಗೆದ್ದರು. ಬೆಳ್ಳಿ ಗದೆ. ಎಲ್ಲರ ಸ್ಟೇಟಸ್ಸಿನಲ್ಲೂ ಅದೇ. ಸವಣೂರಿನ ಅದೇ ಹುಡುಗನನ್ನು ಎತ್ತಿ ಹಾಕಿದ್ದಾರೆ. ದೊಡ್ಡ ಮಂದಿ ಶಾಲು ಹೊದಿಸುತ್ತಿದ್ದಾರೆ. ಮೈಕಿನಲ್ಲಿ ಒಬ್ಬ, ಹಾಲು ತುಪ್ಪ ತಿಂದು ಬೆಳೆದ ನಮ್ಮ ನೆಲದ ಹುಲಿ, ಇಂದಿನ ಯುವಕರಿಗೆ ಮಾದರಿ ಅನ್ನುತ್ತಿದ್ದಾನೆ. ನೀಲಪ್ಪ ಹಿಂದೆ ನಿಂತು ಚಪ್ಪಾಳೆ ತಟ್ಟುತ್ತಿದ್ದಾನೆ.

ಕುತ್ತಿಗೆ ಊದಿದೆ ಇವರದು. ಕಣ್ಣು ಕೆಂಪು. ಗದೆ ಎತ್ತಿದಾಗ ಒಂದು ಕ್ಷಣ ಎದೆ ಒತ್ತಿಕೊಂಡರು. ಬೇರೆ ಯಾರೂ ನೋಡಿರಲಿಕ್ಕಿಲ್ಲ.

ಡಿಸೆಂಬರ್ ೧೮, ಗುರುವಾರ. ಸಂಜೆ

ಅತ್ತೆ ಬಂದಿದ್ದರು. ಒಬ್ಬರೇ, ಎರಡು ಬಸ್ಸು ಬದಲಿಸಿ. ಮೈ ಇಳಿದುಹೋಗಿದೆ.

ಹಿರೇಕೆರೂರಿನಿಂದ ಬಂದ ವಾರದಲ್ಲೇ ಇವರು ಎದೆ ಹಿಡಿದುಕೊಂಡು ಕುಸಿದರಂತೆ. ಆಸ್ಪತ್ರೆಯಲ್ಲಿ ನಾಲ್ಕು ದಿನ. ಬಿಪಿ ಏರಿ, ಹೃದಯ ದಪ್ಪಗಾಗಿದೆ ಅಂದಿದ್ದಾರೆ. ಏನು ಸೂಜಿ ತಗೊಳ್ಳುತ್ತಾನೆ ಅಂತ ಡಾಕ್ಟರು ಅತ್ತೆಯ ಎದುರಿಗೇ ಕೇಳಿದರಂತೆ.

"ಡಾಕ್ಟರು ಹೋದಮ್ಯಾಲೆ ಅತ್ತ. ಶೈಲಾ ಹೇಳಿದ್ದು ಖರೇ ಐತಿ ಅವ್ವ ಅಂದ." ಅತ್ತೆ ನನ್ನ ಕೈ ಹಿಡಿದುಕೊಂಡರು. "ಮಂದಿ ಕಡಿಂದ ನಿನಗ ಅನ್ನಬಾರದ್ದು ಅನ್ನಿಸೇನವ್ವ ನಾ. ಈಗ ಬಾ. ಅವಂಗ ನೀ ಬೇಕು. ಮಗಳಂಗ ನೋಡಕೊಂತೇನಿ."

ಕಣ್ಣು ತುಂಬಿತು. ಹೊರಡಲು ಮನಸ್ಸು ಆಗಲೇ ಎದ್ದು ನಿಂತಿತ್ತು. ಆಗ ಅವರು ದನಿ ತಗ್ಗಿಸಿದರು.

"ಒಂದ ಮಾತು. ಊರಿಗೆ ಇದು ಗೊತ್ತಾಗೂದು ಬ್ಯಾಡ. ಎದಿ ಬ್ಯಾನಿ ಅಂತನೂ ಹೇಳಿಲ್ಲ, ಸೊಂಟಾ ಉಳುಕೇತಿ ಅಂದೇನಿ. ಮಂದಿ ನಿನಗ ಏನಂತಿದ್ರೋ ಅನ್ಲಿ. ನೀ ಗಟ್ಟಿ ಅದೀ, ತಾಳತಿ. ಅವ ತಾಳಾಂಗಿಲ್ಲ."

ಅವ್ವ ಚಹಾ ತಂದು ಬಾಗಿಲಲ್ಲೇ ನಿಂತಿದ್ದಳು.

"ಬರ್ತೇನ್ರಿ ಅತ್ತಿ. ಅವರ ಆರೈಕಿ ಮಾಡತೇನಿ. ಆದ್ರ ಯಾರರ ಕೇಳಿದ್ರ ಇದ್ದದ್ದು ಹೇಳತೇನಿ."

"ಹಂಗ ಮಾಡಿದ್ರ ಅವ ಊರಾಗ ತಲಿ ಎತ್ತಾಂಗಿಲ್ಲ."

"ನಾ ಆರ ವರ್ಷ ಎತ್ತಿಲ್ರಿ."

ಅತ್ತೆ ಬೆರಳುಗಳನ್ನು ಒಂದೊಂದಾಗಿ ಒತ್ತಿಕೊಂಡರು. ತಿರುಗಿ ಹೋಗು ಅನ್ನುತ್ತಿದ್ದ ಅವ್ವ ಇವತ್ತು ಆ ಮಾತು ಎತ್ತಲಿಲ್ಲ. ಚಹಾ ಮುಂದಿಟ್ಟು, "ಕುಡೀರಿ ಬೀಗತಿ, ಆರತೈತಿ" ಅಂದಳು ಅಷ್ಟೇ.

ಬಸ್ಸಿನವರೆಗೆ ಹೋದೆ. ಅತ್ತೆ ಹತ್ತಿ ಕಿಟಕಿಯ ಪಕ್ಕ ಕೂತರು. ಕಂಬಿಯ ಸಂದಿಯಿಂದ ಕೈ ಹೊರಗೆ ಹಾಕಿ ನನ್ನ ಗಲ್ಲ ಮುಟ್ಟಿದರು. "ಯಾರೂ ಕೇಳಲಿಲ್ಲಂದ್ರ? ಆವಾಗರ ಸುಮ್ನ ಇರ್ತೀಯೇನು?"

ಬಸ್ಸು ಬಿಟ್ಟಿತು.

ಮನೆಗೆ ಬಂದರೆ ಪಕ್ಕದ ಮನೆಯ ಮುದುಕಿ ನಮ್ಮ ಕಟ್ಟೆಯ ಮೇಲೆ ಕೂತಿದ್ದಳು. ಇನ್ನೂ ಇಬ್ಬರು ಹೆಂಗಸರು. "ಅತ್ತಿ ಕರಿಯಾಕ ಬಂದಿದ್ಲೇನು? ಬಂಜಿನ್ನ ಕರಿಯಾಕ ಬರೂವಂಥಾ ಅತ್ತಿ ಎಲ್ಲೆ ಸಿಗತಾಳವ್ವ" ಅಂದಳು.

ಅವ್ವ ಒಳಗೆ ಹೋಗಲಿಲ್ಲ. ನನ್ನನ್ನೇ ನೋಡುತ್ತಿದ್ದಳು. ಮುದುಕಿಯ ಪಕ್ಕದಲ್ಲಿ ಕೂತೆ. "ಹೇಳತೇನಿ ಕೇಳ್ರಿ" ಅಂದೆ. "ನಮ್ಮ ಮನಿಯವರು ತಾಕತ್ತಿಗೆ ಸೂಜಿ ತಗೊಂತಾರ್ರಿ. ಕೂಸು ಆಗದ್ದು ಅದಕ್ಕ."